ಕಾಲೇಜು ಸೇರುವ ಮುನ್ನ, ಜೈಲಿಗೆ ಕರೆದೊಯ್ಯುತ್ತಾರಾ ಎಂದು ಕೇಳಿ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ನನ್ನ ಅಕ್ಕನ ಮಗಳು ಫೋನ್ ಮಾಡಿದಳು. "ಚಿಗವ್ವ, ನಾ ಜೈಲಿನೊಳಗ ಕೈದಿಗಳ ಜೊತಿ ಕೆಲಸ ಮಾಡೂ ಡಿಗ್ರಿ ಓದಬೇಕಂತೀನಿ, ಯಾವ ಕಾಲೇಜ್ ಸೇರ್ಲಿ?" ಅಂದಳು. ತುಂಬಾ ಖುಷಿಯಾಯಿತು. ನಾನು ಪ್ರೊಬೇಷನ್ ಅಧಿಕಾರಿಯಾಗಿದ್ದು ನಿವೃತ್ತಳಾದವಳು. ಪ್ರೊಬೇಷನ್ ಅಂದರೆ ತಪ್ಪು ಮಾಡಿದವರನ್ನು ಜೈಲಿಗೆ ಕಳಿಸುವ ಬದಲು ನಿಗಾದಲ್ಲಿ ಹೊರಗೆ ಬಿಡುವುದು. ಇಷ್ಟು ವರ್ಷದಲ್ಲಿ ನಮ್ಮ ಮನೆಯ ಮಕ್ಕಳು ಯಾರೂ ಈ ಕೆಲಸದ ಬಗ್ಗೆ ಹೀಗೆ ಆಸೆಯಿಂದ ಕೇಳಿರಲಿಲ್ಲ.

ಅವಳ ಜೊತೆ ಒಂದು ಕಾಲೇಜು ನೋಡಿ ಬಂದ ಮೇಲೆ ಈ ಪತ್ರ ಬರೆಯಲೇಬೇಕು ಅನ್ನಿಸಿತು. ಕಾಲೇಜಿನ ಹೆಸರು ಬೇಡ. ಬೋರ್ಡಿನಲ್ಲಿ ಕ್ರಿಮಿನಾಲಜಿ ಎಂದು ದೊಡ್ಡದಾಗಿ ಬರೆದಿತ್ತು. ಒಳಗೆ ಒಂದು ರೂಮಿನಲ್ಲಿ ಹಳದಿ ಟೇಪು ಕಟ್ಟಿ, ನೆಲದ ಮೇಲೆ ಗೊಂಬೆ ಮಲಗಿಸಿ, ಪಕ್ಕದಲ್ಲಿ ಬೆರಳಚ್ಚು ತೆಗೆಯುವ ಪುಡಿ, ಬ್ರಷ್ಷು ಇಟ್ಟಿದ್ದರು. ಹುಡುಗಿಗೆ ಬಹಳ ಹಿಡಿಸಿತು. "ಮಕ್ಕಳನ್ನ ಜೈಲಿಗೆ ಎಷ್ಟು ಸಲ ಕಳಿಸ್ತೀರಿ?" ಎಂದು ನಾನು ಕೇಳಿದೆ. "ಪರ್ಮಿಷನ್ ಸಿಕ್ಕರ ಒಂದ್ ವಿಸಿಟ್ ಇರ್ತದ ಮೇಡಂ" ಎಂದರು. ಹೋದ ವರ್ಷ ಸಿಕ್ಕಿತ್ತಾ? ಇಲ್ಲ. ಅದರ ಹಿಂದಿನ ವರ್ಷ? ಅದೂ ಇಲ್ಲ. ಆದರೆ ಫೀಸಿನ ಚೀಟಿ ಮಾತ್ರ ಕೇಳುವ ಮೊದಲೇ ಕೈಗೆ ಬಂತು.

ಇಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ರಕ್ತ, ಬೆರಳಚ್ಚು, ಮೊಬೈಲು ಪರೀಕ್ಷೆ ಮಾಡುವುದು ಫೋರೆನ್ಸಿಕ್, ಅದು ಲ್ಯಾಬಿನ ಕೆಲಸ. ಅಪರಾಧ ಯಾಕೆ ಆಗುತ್ತದೆ ಎಂದು ಓದುವುದು ಅಪರಾಧಶಾಸ್ತ್ರ, ಅಂದರೆ ಕ್ರಿಮಿನಾಲಜಿ. ಸಿಕ್ಕಿಬಿದ್ದವನ ಜೊತೆ ಆಮೇಲೆ ಏನು ಮಾಡಬೇಕು, ಅವನು ಮತ್ತೆ ಊರಿಗೆ ಹೋಗಿ ಬದುಕುವುದು ಹೇಗೆ ಎಂದು ನೋಡುವುದು ಸುಧಾರಣಾ ಸೇವೆ. ನಮ್ಮ ಹುಡುಗಿ ಕೇಳಿದ್ದು ಈ ಮೂರನೆಯದು. ಆ ಕಾಲೇಜು ಕೊಡುತ್ತಿದ್ದದ್ದು ಮೊದಲನೆಯದು, ಅದೂ ಅರೆಬರೆ.

ಈ ಕೆಲಸ ಪುಸ್ತಕದಿಂದ ಬರುವುದಿಲ್ಲ ಎಂದು ನಾನು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ನಾವು ಬರೆಯುವ ಒಂದು ವರದಿಯ ಮೇಲೆ ಒಬ್ಬ ಹುಡುಗನ ಬದುಕು ನಿಂತಿರುತ್ತದೆ. 1958ರ ಪ್ರೊಬೇಷನ್ ಕಾಯ್ದೆ ನೋಡಿ. 21 ವರ್ಷ ತುಂಬದವರು ಜೀವಾವಧಿ ಶಿಕ್ಷೆಯಷ್ಟು ದೊಡ್ಡದಲ್ಲದ ಅಪರಾಧ ಮಾಡಿದ್ದರೆ, ಅವರನ್ನು ಜೈಲಿಗೆ ಕಳಿಸಬೇಕಾ ಬೇಡವಾ ಎಂದು ತೀರ್ಮಾನಿಸುವ ಮುನ್ನ ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು. ಆ ವರದಿಗಾಗಿ ಹುಡುಗನ ಮನೆಗೆ ಹೋಗಬೇಕು. ಅವನ ಅವ್ವ ಬಾಗಿಲಲ್ಲೇ ನಿಲ್ಲಿಸಿ ಅಳುತ್ತಾಳೆ, ಅಪ್ಪ ಕುಡಿದಿರುತ್ತಾನೆ, ಪಕ್ಕದ ಮನೆಯವರು ಒಂದು ಹೇಳಿದರೆ ಶಾಲೆಯ ಮಾಸ್ತರು ಇನ್ನೊಂದು ಹೇಳುತ್ತಾರೆ, ಇದರಲ್ಲಿ ಯಾವುದು ನಿಜ, ಯಾವುದು ಸಿಟ್ಟಿನ ಮಾತು ಎಂದು ಅಲ್ಲೇ ಕೂತು ತೂಗಿ ನೋಡಬೇಕು. 18ರ ಒಳಗಿನ ಮಕ್ಕಳಾದರೆ ಬಾಲನ್ಯಾಯ ಮಂಡಳಿಗೆ ಇಂಥ ವರದಿ ಕೊಡಲು ಸಿಗುವುದು 15 ದಿನ ಅಷ್ಟೇ. ನಾನು ಇದನ್ನು ಕಲಿತದ್ದು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವಾಗ. ವಾರದಲ್ಲಿ ಎರಡು ದಿನ ಫೀಲ್ಡ್ ವರ್ಕ್. ಪ್ರತಿ ಭೇಟಿಯನ್ನೂ ಬರೆದು ಒಪ್ಪಿಸಬೇಕಿತ್ತು, ನಮ್ಮ ಮೇಡಂ ಕೆಂಪು ಪೆನ್ನಿನಲ್ಲಿ "ಇದು ನೀನು ನೋಡಿದ್ದಾ, ಊಹಿಸಿದ್ದಾ?" ಎಂದು ಬರೆದು ವಾಪಸ್ ಕೊಡುತ್ತಿದ್ದರು. ಆ ಒಂದು ಪ್ರಶ್ನೆ ನನ್ನನ್ನು ನಿವೃತ್ತಿವರೆಗೂ ಕಾಪಾಡಿತು.

ಜೈಲಿನೊಳಗೂ ಹಾಗೇ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ನೂರಕ್ಕೆ 75ಕ್ಕಿಂತ ಜಾಸ್ತಿ ಜನ ವಿಚಾರಣಾಧೀನರು, ಅಂದರೆ ತಪ್ಪು ಮಾಡಿದ್ದಾರೆ ಎಂದು ಇನ್ನೂ ತೀರ್ಮಾನವೇ ಆಗದವರು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ, ಹಿಂದೆ ಯಾವ ಶಿಕ್ಷೆಯೂ ಆಗಿರದ ವ್ಯಕ್ತಿ, ಆ ಅಪರಾಧದ ಗರಿಷ್ಠ ಶಿಕ್ಷೆಯಲ್ಲಿ ಮೂರನೇ ಒಂದು ಭಾಗದಷ್ಟು ದಿನ ವಿಚಾರಣೆಯಲ್ಲೇ ಒಳಗೆ ಕಳೆದಿದ್ದರೆ, ಅವರನ್ನು ಜಾಮೀನಿನ ಮೇಲೆ ಬಿಡಿ ಎಂದು ಜೈಲಿನ ಅಧೀಕ್ಷಕರು ತಾವೇ ಕೋರ್ಟಿಗೆ ಬರೆಯಬೇಕು. ಗಲ್ಲು, ಜೀವಾವಧಿಯ ಕೇಸುಗಳು ಮತ್ತು ಹಲವು ಕೇಸು ಇರುವವರಿಗೆ ಇದಿಲ್ಲ. ಆದರೆ ಯಾರ ದಿನ ತುಂಬಿತು ಎಂದು ಲೆಕ್ಕ ಇಡುವವರು ಒಳಗೆ ಯಾರಾದರೂ ಬೇಕಲ್ವಾ? 2016ರ ಮಾದರಿ ಕಾರಾಗೃಹ ಕೈಪಿಡಿ 200 ಕೈದಿಗಳಿಗೆ ಒಬ್ಬ ಸುಧಾರಣಾ ಅಧಿಕಾರಿ ಇರಬೇಕು ಎನ್ನುತ್ತದೆ. ಕಲಿತ ಮಕ್ಕಳು ಬರಬೇಕಾದ ಜಾಗ ಇದು.

ಇನ್ನು ಎಲ್ಲಿ ಓದಬೇಕು? ನಾನು ಹುಡುಗಿಗೆ ಹೇಳಿದ್ದನ್ನೇ ಬರೆಯುತ್ತೇನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ (ಫೋರೆನ್ಸಿಕ್) ಸ್ನಾತಕೋತ್ತರ ವಿಭಾಗ ಇದೆ. ಮಂಗಳೂರಿನ ರೋಶನಿ ನಿಲಯಕ್ಕೆ ಸಮಾಜಕಾರ್ಯ ಕಲಿಸುವುದರಲ್ಲಿ 1960ರಿಂದ ಹೆಸರಿದೆ. ಡಿಗ್ರಿ ಮುಗಿದ ಮೇಲೆ ಹೊರಗೆ ಹೋಗಲು ಮನಸ್ಸಿದ್ದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಲ್ಲಿ 1990ರಲ್ಲಿ ಶುರುವಾದ 'ಪ್ರಯಾಸ್' ಎಂಬ ಕ್ಷೇತ್ರಕಾರ್ಯ ಯೋಜನೆ ಕೈದಿಗಳ ನಡುವೆಯೇ ಕೆಲಸ ಮಾಡುತ್ತದೆ. ಧಾರವಾಡಕ್ಕೆ ಬಂದಿರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಲ್ಯಾಬಿನ ದಾರಿ ಹಿಡಿಯುವವರಿಗೆ. ವೆಲ್ಲೂರಿನಲ್ಲೊಂದು ಕಾರಾಗೃಹ ಅಕಾಡೆಮಿ ಇದೆಯಲ್ಲ, 1979ರದ್ದು, ಅದಕ್ಕೆ ನೇರವಾಗಿ ಸೇರಬಹುದು ಎಂದು ಕೆಲವರು ಅಂದುಕೊಂಡಿದ್ದಾರೆ. ಅದು ಈಗಾಗಲೇ ನೌಕರಿಯಲ್ಲಿರುವ ದಕ್ಷಿಣ ರಾಜ್ಯಗಳ ಜೈಲು ಅಧಿಕಾರಿಗಳ ತರಬೇತಿಗೆ ಇರುವುದು.

ಒಂದು ಮಾತು ತಂದೆತಾಯಿಗಳಿಗೆ. ಈ ಡಿಗ್ರಿ ಇದ್ದರೆ ಜೈಲರ್ ಹುದ್ದೆ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ರಾಜ್ಯದಲ್ಲಿ ಕೆಪಿಎಸ್‌ಸಿ ಮೂಲಕ ಸಹಾಯಕ ಅಧೀಕ್ಷಕರಾಗಲು ಯಾವುದೇ ವಿಷಯದ ಪದವಿ ಸಾಕು, ಎಲ್ಲರ ಜೊತೆ ಪರೀಕ್ಷೆ ಬರೆಯಬೇಕು. ಪ್ರೊಬೇಷನ್, ಮಕ್ಕಳ ರಕ್ಷಣೆ, ಕೌನ್ಸೆಲಿಂಗ್ ಕೆಲಸಗಳಿಗೆ ಸಮಾಜಕಾರ್ಯದ ಪದವಿಗೆ ಹೆಚ್ಚು ಬೆಲೆ. ಹಾಗಾಗಿ ಬರೀ ಹೆಸರು ನೋಡಿ ಸೇರುವ ಬದಲು ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಪದವಿ) ಮಾಡಿ, ಆಮೇಲೆ ಎಂಎಸ್‌ಡಬ್ಲ್ಯುನಲ್ಲಿ ಸುಧಾರಣಾ ಆಡಳಿತದ ವಿಷಯ ತೆಗೆದುಕೊಂಡರೂ ಒಳ್ಳೆಯದೇ. ಸೇರುವ ಮುನ್ನ ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿ ಇದೆಯಾ ಎಂದು ನೀವೇ ನೋಡಿ, ಕಾಲೇಜಿನವರು ತೋರಿಸುವ ಝೆರಾಕ್ಸ್ ಪ್ರತಿ ಸಾಲದು. ಕೊನೆಯ ವರ್ಷದ ಇಬ್ಬರು ಮಕ್ಕಳ ಜೊತೆ ಗೇಟಿನ ಹೊರಗೆ ಹತ್ತು ನಿಮಿಷ ಮಾತಾಡಿ. ಫೀಲ್ಡ್ ವರ್ಕ್ ಡೈರಿ ತೋರಿಸಿ ಎಂದು ಕೇಳಿ. ಡೈರಿ ಇದ್ದರೆ ಖುಷಿಯಿಂದ ತೋರಿಸುತ್ತಾರೆ.

ಪ್ರತಿ ವರ್ಷ ಪ್ರವೇಶದ ಸಮಯಕ್ಕೆ ನಿಮ್ಮ ಪತ್ರಿಕೆ ಶಿಕ್ಷಣ ಪುರವಣಿ ತರುತ್ತದೆ. ಎಂಜಿನಿಯರಿಂಗ್, ನರ್ಸಿಂಗ್ ಜೊತೆಗೆ ಈ ಓದಿಗೂ ಒಂದು ಅರ್ಧ ಪುಟ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಹುಡುಗಿ ಈ ವಾರ ಇನ್ನೆರಡು ಕಾಲೇಜು ನೋಡಲು ಹೊರಟಿದ್ದಾಳೆ. ಈ ಸಲ ಪ್ರಶ್ನೆ ಕೇಳುವವಳು ಅವಳೇ, ನಾನು ಸುಮ್ನೆ ಜೊತೆಗೆ ಹೋಗುತ್ತೇನೆ.

— ನಿವೃತ್ತ ಪ್ರೊಬೇಷನ್ ಅಧಿಕಾರಿ, ಹುಬ್ಬಳ್ಳಿ