‘ಸರ್ವರ್ ಇಲ್ಲ’ ಅನ್ನುವ ಮೊದಲು ಎರಡನೇ ಕೇಬಲ್ ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಲಬುರಗಿ ಕಡೆ ‘ಸರ್ವರ್ ಇಲ್ಲ’ ಅನ್ನುವ ಮಾತು ಈಗ ‘ಕರೆಂಟ್ ಇಲ್ಲ’ ಅನ್ನುವಷ್ಟೇ ರೂಢಿಯಾಗಿದೆ. ಬ್ಯಾಂಕು, ಆಸ್ಪತ್ರೆ, ಕಚೇರಿ, ಎಲ್ಲಿ ಹೋದರೂ ಒಂದಲ್ಲ ಒಂದು ದಿನ ಕಿವಿಗೆ ಬೀಳುತ್ತದೆ. ಪತ್ರಿಕೆಗಳಲ್ಲೂ ‘ಸರ್ವರ್ ಡೌನ್, ಜನರ ಪರದಾಟ’ ಅನ್ನುವ ತಲೆಬರಹ ಬರುತ್ತಿರುತ್ತದೆ. ನಾನು 14 ವರ್ಷದಿಂದ ಸರ್ವರ್, ಅಂದರೆ ಉಳಿದ ಕಂಪ್ಯೂಟರುಗಳಿಗೆ ಮಾಹಿತಿ ಒದಗಿಸುವ ಮುಖ್ಯ ಕಂಪ್ಯೂಟರ್, ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ನಾನು ಕಂಡಂತೆ ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಕಟ್ ಆಗಿರುತ್ತದೆ. ಅದೂ ಒಂದೇ ದಿನದಲ್ಲಿ ಅಲ್ಲ, ತಿಂಗಳುಗಟ್ಟಲೆ ಮೊದಲೇ ಅರ್ಧ ಕಟ್ ಆಗಿರುತ್ತದೆ. ಇದನ್ನು ಓದುಗರ ಗಮನಕ್ಕೆ ತರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೇ ತಿಂಗಳ ಒಂದು ಮಂಗಳವಾರ. ಹತ್ತು ಗಂಟೆಗೇ ನೆತ್ತಿ ಸುಡುವ ಬಿಸಿಲು. ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಕೆಲಸ. ಬೆಳಿಗ್ಗೆ 10.20ಕ್ಕೆ ನೋಂದಣಿ ಕೌಂಟರು, ಲ್ಯಾಬು, ಔಷಧಿ ಅಂಗಡಿ, ಎಲ್ಲ ಕಡೆ ಸ್ಕ್ರೀನ್ ನಿಂತುಹೋಯಿತು. ಚಿಂಚೋಳಿ ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಒಬ್ಬ ಅಜ್ಜಿ ಮೊಮ್ಮಗನ ರಕ್ತದ ರಿಪೋರ್ಟಿಗೆ ಕಾಯುತ್ತಿದ್ದರು. ರಿಪೋರ್ಟ್ ಹಿಂದಿನ ದಿನವೇ ಆಗಿತ್ತು. ಪ್ರಿಂಟ್ ತೆಗೆದು ಕೊಟ್ಟರೆ ಮುಗಿಯಿತು. ಕೌಂಟರಿನ ಹುಡುಗ ‘ಸರ್ವರ್ ಇಲ್ಲ ಯವ್ವಾ, ಕುಂದ್ರು’ ಎಂದ. ಅಜ್ಜಿ ‘ಎಲ್ಲಿ ಹೋಗ್ಯಾದಪ್ಪ?’ ಎಂದು ಕೇಳಿದರು. ನಾನು ಅವರ ಪಕ್ಕದಲ್ಲೇ ಹಾದು ಸರ್ವರ್ ಕೋಣೆಗೆ ಓಡುತ್ತಿದ್ದೆ. ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸರ್ವರ್ ಎಲ್ಲೂ ಹೋಗಿರಲಿಲ್ಲ. ನಮ್ಮಲ್ಲಿ ಎರಡು ಸರ್ವರ್ ಇವೆ. ಒಂದು ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುವ ಹಾಗೆ ಕ್ಲಸ್ಟರ್ ಮಾಡಿದ್ದೇವೆ. ಎರಡರಲ್ಲೂ ಹಸಿರು ದೀಪ. ಕ್ಲಸ್ಟರ್ ಸ್ಥಿತಿ ನೋಡಿದರೆ ಎಲ್ಲ ಸರಿ ಇದೆ ಎಂದೇ ತೋರಿಸುತ್ತಿತ್ತು. ಡೇಟಾಬೇಸ್ ನಡೆಯುತ್ತಿತ್ತು. ಆದರೆ ಕೌಂಟರಿನ ಯಾವ ಕಂಪ್ಯೂಟರಿನಿಂದ ಪಿಂಗ್ ಮಾಡಿದರೂ, ಅಂದರೆ ‘ಇದ್ದೀಯಾ?’ ಎಂದು ಸರ್ವರನ್ನು ಕೂಗಿದರೂ, ಉತ್ತರವಿಲ್ಲ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಸರ್ವರ್‌ಗೆ ಎರಡು ನೆಟ್‌ವರ್ಕ್ ಪೋರ್ಟ್ (ಕೇಬಲ್ ಸಿಕ್ಕಿಸುವ ಜಾಗ) ಇವೆ. ಅವೆರಡನ್ನೂ ಜೋಡಿಸಿ ಒಂದೇ ಪೋರ್ಟಿನ ಹಾಗೆ ಬಳಸುವುದಕ್ಕೆ ಬಾಂಡಿಂಗ್ ಅನ್ನುತ್ತಾರೆ. ನಮ್ಮ ಸರ್ವರ್ ನಡೆಸುವ ಲಿನಕ್ಸ್ ತಂತ್ರಾಂಶದಲ್ಲಿ ಇದಕ್ಕೆ 0ಯಿಂದ 6ರವರೆಗೆ ಏಳು ವಿಧಾನಗಳಿವೆ. ನಮ್ಮದು 1 ಎಂಬ ಸಂಖ್ಯೆಯದು, ಆಕ್ಟಿವ್ ಬ್ಯಾಕಪ್. ಒಂದು ಕೇಬಲ್ ಕೆಲಸ ಮಾಡುತ್ತದೆ, ಇನ್ನೊಂದು ಕಾದು ಕೂತಿರುತ್ತದೆ. ಮೊದಲ ಕೇಬಲ್‌ಗಳು ಎ ಎಂಬ ಸ್ವಿಚ್ಚಿಗೆ (ಕಂಪ್ಯೂಟರುಗಳ ಕೇಬಲ್‌ಗಳನ್ನು ಒಂದುಗೂಡಿಸುವ ಪೆಟ್ಟಿಗೆ), ಎರಡನೆಯವು ಬಿ ಎಂಬ ಸ್ವಿಚ್ಚಿಗೆ. ಎ ಮತ್ತು ಬಿ ಎರಡರಿಂದಲೂ ಬೇರೆ ಬೇರೆ ಫೈಬರ್ ಮುಖ್ಯ ಸ್ವಿಚ್ಚಿಗೆ ಹೋಗುತ್ತವೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಾ?

ಬಾಂಡಿಂಗ್ ಸ್ಥಿತಿ ಹೇಳುವ ಒಂದು ಕಡತ ಲಿನಕ್ಸ್‌ನ ಪ್ರಾಕ್ ಫೋಲ್ಡರಿನಲ್ಲಿ ಇರುತ್ತದೆ. ತೆರೆದು ನೋಡಿದೆ. ಈಗ ಕೆಲಸ ಮಾಡುತ್ತಿರುವುದು ಮೊದಲ ಪೋರ್ಟ್, ಸ್ಥಿತಿ ಅಪ್. ಎರಡನೇ ಪೋರ್ಟ್, ಸ್ಥಿತಿ ಡೌನ್. ಎರಡೂ ಸರ್ವರ್‌ಗಳಲ್ಲಿ ಇದೇ ಕಥೆ. ಲಿಂಕ್ ಫೇಲ್ಯೂರ್ ಕೌಂಟ್, ಅಂದರೆ ಸಂಪರ್ಕ ಕಡಿದ ಲೆಕ್ಕ, 1. ಹಳೆಯ ಲಾಗ್ ಕೆದಕಿದೆ. ಎರಡನೇ ಪೋರ್ಟ್ ಡೌನ್ ಆದದ್ದು ಡಿಸೆಂಬರ್ 11ರ ಮಧ್ಯಾಹ್ನ.

ಡಿಸೆಂಬರ್! ನಾವು ಮೇ ತಿಂಗಳಲ್ಲಿ ನಿಂತಿದ್ದೆವು. ಐದು ತಿಂಗಳು ಆಸ್ಪತ್ರೆ ಒಂದೇ ಕೇಬಲ್ ಮೇಲೆ ನಡೆದಿತ್ತು. ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಡಿಸೆಂಬರ್ 11ರಂದು ಹಳೆಯ ಯುಪಿಎಸ್ ತೆಗೆದು ಹೊಸದು ಇಟ್ಟಿದ್ದರು. ಎಲ್ಲ ಪ್ಲಗ್ ಕಿತ್ತು ಮತ್ತೆ ಹಾಕುವಾಗ ಬಿ ಸ್ವಿಚ್ಚಿನದು ರ‍್ಯಾಕಿನ ಹಿಂದೆ ಬಿದ್ದು ಅಲ್ಲೇ ಉಳಿದಿತ್ತು. ಅದರ ಮೇಲೆ ಬೆರಳಿನಷ್ಟು ದಪ್ಪ ಧೂಳು. ಬಾಂಡಿಂಗ್ ತನ್ನ ಕೆಲಸ ಎಷ್ಟು ಚೆನ್ನಾಗಿ ಮಾಡಿತ್ತು ಅಂದರೆ, ಒಂದು ಕಡೆ ಕೆಟ್ಟದ್ದನ್ನು ಯಾರಿಗೂ ಕಾಣದ ಹಾಗೆ ಮುಚ್ಚಿಬಿಟ್ಟಿತ್ತು. ನೀವು ಹುಡುಕಿಕೊಂಡು ಹೋಗದಿದ್ದರೆ ಅದು ಬಾಯಿ ಬಿಡುವುದಿಲ್ಲ.

ಸರಿ, ಮೊದಲ ಪೋರ್ಟ್ ಅಪ್ ಇತ್ತಲ್ಲ, ಮತ್ತೆ ಯಾಕೆ ನಿಂತಿತು? ಇದು ಎರಡನೇ ಪಾಠ. ನಮ್ಮ ಬಾಂಡಿಂಗ್ ಎಂಐಐ ಎಂಬ ವಿಧಾನದಲ್ಲಿ ಪ್ರತಿ 100 ಮಿಲಿಸೆಕೆಂಡಿಗೆ ಒಮ್ಮೆ ಕೇಬಲ್ ನೋಡುತ್ತಿತ್ತು. ಅದು ನೋಡುವುದು ಇಷ್ಟೇ: ಕೇಬಲಿನ ಆ ತುದಿಯಲ್ಲಿ ಸ್ವಿಚ್ ಜೀವಂತ ಇದೆಯಾ? ಎ ಸ್ವಿಚ್ ಜೀವಂತ ಇತ್ತು. ಆದರೆ ಅಲ್ಲಿಂದ ಮುಖ್ಯ ಸ್ವಿಚ್ಚಿಗೆ ಹೋಗುವ ಫೈಬರಿನ ಮಾಡ್ಯೂಲ್ (ತುದಿಗೆ ಸಿಕ್ಕಿಸುವ ಚಿಕ್ಕ ಭಾಗ) ಕೆಟ್ಟಿತ್ತು. ಮನೆಯಿಂದ ಓಣಿಯ ತುದಿಯವರೆಗೆ ರಸ್ತೆ ಸರಿ ಇದೆ, ಓಣಿ ದಾಟಿದ ಮೇಲೆ ಸೇತುವೆಯೇ ಇಲ್ಲ ಅನ್ನುವ ಹಾಗೆ. ಎರಡೂ ಸರ್ವರ್ ಅದೇ ಎ ಸ್ವಿಚ್ಚಿನಲ್ಲಿ ಇದ್ದುದರಿಂದ ಒಂದಕ್ಕೊಂದು ಮಾತಾಡಿಕೊಂಡು ‘ನಾವು ಚೆನ್ನಾಗಿದ್ದೇವೆ’ ಎಂದುಕೊಂಡಿದ್ದವು. ಕ್ಲಸ್ಟರಿಗೆ ಗಾಬರಿಯಾಗಲು ಕಾರಣವೇ ಇರಲಿಲ್ಲ. ಹೊರಗೆ ಇನ್ನೂರು ಜನ ಸಾಲಿನಲ್ಲಿ ನಿಂತಿದ್ದರು.

ಬಿ ಸ್ವಿಚ್ಚಿಗೆ ಕರೆಂಟ್ ಕೊಟ್ಟೆವು. ಎರಡನೇ ಪೋರ್ಟ್ ಅಪ್ ಆಯಿತು. ಆದರೂ ಬಾಂಡ್, ಅಂದರೆ ಆ ಪೋರ್ಟುಗಳ ಜೋಡಿ, ಆ ಕಡೆ ಹೋಗಲಿಲ್ಲ. ಅದರ ಲೆಕ್ಕದಲ್ಲಿ ಮೊದಲನೆಯದು ಇನ್ನೂ ಸರಿಯಾಗಿಯೇ ಇತ್ತು. ಎ ಕಡೆಯ ಕೇಬಲ್ ಕಿತ್ತರೆ ಹೋಗುತ್ತದೆ. ಕೈ ಹಾಕಿದವಳು ಹಾಗೇ ತಡೆದೆ. ಒಂದು ಸರ್ವರ್ ಬಿ ಕಡೆ, ಇನ್ನೊಂದು ಎ ಕಡೆ ಆದರೆ ನಡುವೆ ದಾರಿ ಇಲ್ಲ. ಎರಡೂ ‘ಇನ್ನೊಬ್ಬ ಸತ್ತ’ ಎಂದುಕೊಂಡು ತಾನೇ ಯಜಮಾನನಾಗಲು ಹೊರಡುತ್ತವೆ. ಇದಕ್ಕೆ ಸ್ಪ್ಲಿಟ್ ಬ್ರೈನ್ ಅನ್ನುತ್ತಾರೆ. ರೋಗಿಗಳ ದಾಖಲೆ ಎರಡು ಕಡೆ ಬೇರೆ ಬೇರೆಯಾಗಿ ಬರೆದುಹೋದರೆ ಮತ್ತೆ ಕೂಡಿಸುವುದು ಬಹಳ ಕಷ್ಟ. ಅದಕ್ಕೇ ಕಾದು ಕೂತಿದ್ದ ಸರ್ವರಿನ ಕ್ಲಸ್ಟರ್ ಸೇವೆಯನ್ನು ಮೊದಲು ನಿಲ್ಲಿಸಿದೆ. ಆಮೇಲೆ ಕೆಲಸ ಮಾಡುತ್ತಿದ್ದ ಸರ್ವರಿನ ಮೊದಲ ಕೇಬಲ್ ಕಿತ್ತೆ. ಕೌಂಟರುಗಳು ಮತ್ತೆ ಶುರುವಾದಾಗ 11.35. ಅಜ್ಜಿಗೆ ರಿಪೋರ್ಟ್ ಸಿಕ್ಕಿತು. ಅಷ್ಟರಲ್ಲಿ ಅವರು ನೋಡಬೇಕಿದ್ದ ಡಾಕ್ಟರು ಆಪರೇಷನ್ ಥಿಯೇಟರಿಗೆ ಹೋಗಿಬಿಟ್ಟಿದ್ದರು. ಸಂಜೆ ಐದರವರೆಗೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು.

ಆ ವಾರವೇ ನಾವು ಎಂಐಐ ಬಿಟ್ಟು ಎಆರ್‌ಪಿ ವಿಧಾನಕ್ಕೆ ಬಂದೆವು. ಇದರಲ್ಲಿ ಬಾಂಡ್ ದೀಪ ನೋಡಿ ಸುಮ್ನೆ ಕೂರುವುದಿಲ್ಲ. ಸ್ವಿಚ್ಚಿನ ಆಚೆ ಇರುವ ಒಂದು ವಿಳಾಸವನ್ನು ಕೂಗಿ ಕರೆದು, ಉತ್ತರ ಬಂತಾ ಎಂದು ಕೇಳಿಸಿಕೊಳ್ಳುತ್ತದೆ. ಆದರೆ ಎಆರ್‌ಪಿ ವ್ಯಾಲಿಡೇಟ್ ಎಂಬ ಸೆಟ್ಟಿಂಗ್ ಕೂಡ ಬೇಕು; ಇಲ್ಲದಿದ್ದರೆ ಅದೇ ಸ್ವಿಚ್ಚಿನಲ್ಲಿರುವ ಇನ್ನೊಂದು ಸರ್ವರಿನ ಕೂಗನ್ನೇ ಕೇಳಿ ದಾರಿ ಸರಿ ಇದೆ ಎಂದು ಮೋಸಹೋಗುತ್ತದೆ. ಒಂದು ಸೆಕೆಂಡಿಗೆ ಒಮ್ಮೆ ಎಂದು ಇಟ್ಟೆವು. ಕರೆಯುವ ವಿಳಾಸ ಒಂದೇ ಇರಬಾರದು. ಬರೀ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಬಾಗಿಲಾದ ಸಾಧನ) ಒಂದನ್ನೇ ಕೊಟ್ಟರೆ, ಅದು ರೀಬೂಟ್ ಆದ ದಿನ ಎರಡೂ ಪೋರ್ಟ್ ಸತ್ತಿವೆ ಎಂದು ಬಾಂಡ್ ತಿಳಿಯುತ್ತದೆ. ಎರಡು ವಿಳಾಸ ಕೊಟ್ಟೆವು. ಜೊತೆಗೆ ಇನ್ನೊಂದು ಸರ್ವರ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಕ್ಲಸ್ಟರ್ ಕಾಯುವ ಟೋಕನ್ ಸಮಯವನ್ನು 10 ಸೆಕೆಂಡಿಗೆ ಏರಿಸಿದೆವು. ಎ ದಾರಿ ಕಟ್ಟಾದಾಗ ಎರಡು ಸರ್ವರ್ ಒಂದೇ ಕ್ಷಣಕ್ಕೆ ಬಿ ಕಡೆ ಹೊರಳುವುದಿಲ್ಲ. ನಡುವಿನ ಎರಡು ಮೂರು ಸೆಕೆಂಡಿನಲ್ಲಿ ಕ್ಲಸ್ಟರ್ ಅವಸರಪಟ್ಟರೆ ಇನ್ನೊಂದು ರಾಮಾಯಣ. ಸ್ವಿಚ್ಚಿನಲ್ಲಿ ಸರ್ವರ್ ಪೋರ್ಟುಗಳಿಗೆ ಪೋರ್ಟ್‌ಫಾಸ್ಟ್ ಕೂಡ ಹಾಕಿದೆವು. ಹಾಕದಿದ್ದರೆ ಸ್ವಿಚ್ಚುಗಳ ನಡುವೆ ಸುತ್ತು ಬೀಳದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ನಿಯಮದಂತೆ ಪೋರ್ಟ್ ಅಪ್ ಆದ ಮೇಲೂ 15 ಮತ್ತೆ 15, ಒಟ್ಟು 30 ಸೆಕೆಂಡ್ ಏನನ್ನೂ ದಾಟಿಸುವುದಿಲ್ಲ. ದೀಪ ಹಸಿರು, ಮಾತು ಬಂದ್.

ಇಷ್ಟೆಲ್ಲ ಮಾಡಿದರೂ ನನಗೆ ನೆಮ್ಮದಿ ಸಿಕ್ಕಿದ್ದು ಬೇರೆ ಒಂದು ಕೆಲಸದಿಂದ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ 5.30ಕ್ಕೆ ನಾವು ಬೇಕೆಂದೇ ಕೀಳುತ್ತೇವೆ. ಮೊದಲು ಸರ್ವರಿನ ಕೇಬಲ್. ಆಮೇಲೆ ಸ್ವಿಚ್ಚಿನಿಂದ ಮೇಲೆ ಹೋಗುವ ಫೈಬರ್. ಆಮೇಲೆ ಒಂದು ಸ್ವಿಚ್ಚಿನ ಕರೆಂಟ್. ಎಷ್ಟೋ ಜನ ಕೇಬಲ್ ಕಿತ್ತು ನೋಡಿ ‘ಟೆಸ್ಟ್ ಆಯಿತು’ ಅನ್ನುತ್ತಾರೆ. ನಮ್ಮನ್ನು ಬೀಳಿಸಿದ್ದು ಆ ಕೇಬಲ್ ಅಲ್ಲ, ಅದರಾಚೆಯ ಫೈಬರ್. ಪ್ರತಿ ಸಲ ಎಷ್ಟು ಪಿಂಗ್ ತಪ್ಪಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದಿಡುತ್ತೇವೆ. ಜೊತೆಗೆ ಐದು ನಿಮಿಷಕ್ಕೊಮ್ಮೆ ಆ ಪ್ರಾಕ್ ಕಡತ ಓದಿ, ಡೌನ್ ಎಂಬ ಪದ ಕಂಡರೆ ನನ್ನ ಫೋನಿಗೆ ಸಂದೇಶ ಕಳಿಸುವ ಹತ್ತು ಸಾಲಿನ ಸ್ಕ್ರಿಪ್ಟ್ ಇದೆ. ಆ ಹತ್ತು ಸಾಲು ಡಿಸೆಂಬರಿನಲ್ಲಿ ಇದ್ದಿದ್ದರೆ ಅವತ್ತೇ ಸಂಜೆ ಪ್ಲಗ್ ಹಾಕಿ ಮನೆಗೆ ಹೋಗುತ್ತಿದ್ದೆ.

ಈ ಭಾಗದಲ್ಲಿ ಪರಿಚಯದವರು ಕರೆದಾಗ ಹೋಗಿ ನೋಡಿದ್ದೇನೆ. ಬೀದರಿನ ಒಂದು ಕಡೆ ಎರಡು ಕೇಬಲ್ ಇದ್ದವು, ಎರಡೂ ಒಂದೇ ಸ್ವಿಚ್ಚಿಗೆ. ಯಾದಗಿರಿಯ ಒಂದು ಕಡೆ ಸರ್ವರಿನಲ್ಲಿ 4 ಎಂಬ ಸಂಖ್ಯೆಯ ವಿಧಾನ, ಅಂದರೆ ಎರಡೂ ಕೇಬಲ್ ಒಟ್ಟಿಗೆ ಕೆಲಸ ಮಾಡುವ ಎಲ್‌ಎಸಿಪಿ ಹಾಕಿದ್ದರು. ಅದಕ್ಕೆ ಸ್ವಿಚ್ಚಿನ ಕಡೆಯೂ ಒಪ್ಪಂದ ಬೇಕು, ಅದನ್ನು ಮಾಡಿರಲಿಲ್ಲ. ಎರಡು ಪೋರ್ಟಿನ ಅಗ್ರಿಗೇಟರ್ ಐಡಿ, ಅಂದರೆ ಜೋಡಿಯ ಗುರುತು ಸಂಖ್ಯೆ, ಬೇರೆ ಬೇರೆ ಇತ್ತು. ಅದು ಒಂದಾಗಿಲ್ಲ ಅಂದರೆ ಜೋಡಿ ಕೂಡಿಲ್ಲ ಎಂದೇ ಅರ್ಥ. ಕೆಲಸ ಮಾಡಿದ ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಟೆಂಡರಿನಲ್ಲಿ ‘ಎರಡು ಪೋರ್ಟ್ ಇರಬೇಕು’ ಎಂದು ಬರೆದಿತ್ತು, ಎರಡು ಪೋರ್ಟ್ ಕೊಟ್ಟರು. ಕಿತ್ತು ತೋರಿಸಿ ಎಂದು ಯಾರೂ ಕೇಳಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಖರೀದಿ ಮಾಡುವವರಿಗೆ. ಸಾರ್ವಜನಿಕರು ಸಾಲು ನಿಲ್ಲುವ ಯಾವ ಜಾಗಕ್ಕೇ ಸರ್ವರ್ ಕೊಂಡರೂ ಕೊನೆಯ ಬಿಲ್ ಕೊಡುವ ಮೊದಲು ಎದುರಿಗೆ ನಿಂತು ಕೇಬಲ್, ಫೈಬರ್, ಪ್ಲಗ್ ಮೂರನ್ನೂ ಕೀಳಿಸಿ ನೋಡಿ. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಿಲ್ಲ. ಕೌಂಟರಿನಲ್ಲಿ ಒಬ್ಬರನ್ನು ಕೂರಿಸಿ, ಇತ್ತ ಕೀಳುವಾಗ ಅತ್ತ ಸ್ಕ್ರೀನ್ ನಿಂತಿತಾ ಎಂದು ಕೂಗಿ ಕೇಳಿದರೆ ಸಾಕು. ನಮ್ಮ ಭಾಗದ ಕಾಲೇಜುಗಳಲ್ಲಿ ಪಾಠ ಮಾಡುವವರಿಗೂ ಒಂದು ಮಾತು. ಮಕ್ಕಳಿಗೆ ಬಾಂಡಿಂಗ್ ಹೇಗೆ ಕಟ್ಟಬೇಕು ಎಂದು ತೋರಿಸುವುದರ ಜೊತೆಗೆ, ಲ್ಯಾಬಿನಲ್ಲಿ ಅದನ್ನು ಗೊತ್ತಾಗದ ಹಾಗೆ ಕೆಡಿಸಿಟ್ಟು ಹುಡುಕಲು ಬಿಡಿ. ಹಳೆಯ ಎರಡು ಕಂಪ್ಯೂಟರ್, ಎರಡು ಸಾಮಾನ್ಯ ಸ್ವಿಚ್ ಇದ್ದರೂ ನಡೆಯುತ್ತದೆ.

ಪತ್ರಿಕೆಯವರಿಗೂ ಒಂದು ವಿನಂತಿ. ‘ಸರ್ವರ್ ಡೌನ್’ ಸುದ್ದಿ ಮತ್ತೆ ಬಂದಾಗ ದಯವಿಟ್ಟು ನಿಮ್ಮ ವರದಿಗಾರರು ಆ ಅಜ್ಜಿ ಕೇಳಿದ್ದನ್ನೇ ಕೇಳಲಿ, ಎಲ್ಲಿ ಹೋಗಿತ್ತು ಎಂದು. ಎರಡನೇ ದಾರಿ ಇತ್ತಾ, ಅದನ್ನು ಕೊನೆಯ ಸಲ ಯಾವ ತಾರೀಖಿಗೆ ಪರೀಕ್ಷೆ ಮಾಡಿದ್ದರು ಎಂದೂ ಕೇಳಿ, ಬಂದ ಉತ್ತರವನ್ನು ಸುದ್ದಿಯ ಜೊತೆ ಅಚ್ಚು ಹಾಕಿ.

ಇಂತಿ,
ಆಸ್ಪತ್ರೆಯೊಂದರ ಸರ್ವರ್ ನೋಡಿಕೊಳ್ಳುವವಳು,
ಕಲಬುರಗಿ