ದೂರು: ಲೇಬಲ್ ಇಲ್ಲದ ಎರಡು ಬಿಳಿ ಕ್ಯಾನ್

ಗೆ,
ವ್ಯವಸ್ಥಾಪಕರು,
ಕ್ಲೀನಿಂಗ್ ಸಾಮಾನು ಪೂರೈಕೆ, ಮಡಿಕೇರಿ

ವಿಷಯ: ಆ್ಯಸಿಡ್ ಮತ್ತು ಬ್ಲೀಚ್ ಎರಡನ್ನೂ ಒಂದೇ ತರಹದ ಕ್ಯಾನ್‌ನಲ್ಲಿ ಕೊಟ್ಟ ಬಗ್ಗೆ

ಮಾನ್ಯರೇ,

ಕಕ್ಕಬ್ಬೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೂರು ವರ್ಷದಿಂದ ಬಾತ್‌ರೂಮ್ ತೊಳೆಯುವ ಸಾಮಾನು ನಿಮ್ಮಲ್ಲೇ ತರಿಸುತ್ತೇವೆ. ಕಳೆದ ವಾರ ನಿಮ್ಮ ಗಾಡಿಯಲ್ಲಿ 5 ಲೀಟರಿನ ಎರಡು ಬಿಳಿ ಕ್ಯಾನ್ ಬಂದವು. ಲೇಬಲ್ ಇಲ್ಲ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ 1, 2 ಅಂತ ಬರೆದಿತ್ತು, ಅಷ್ಟೇ. ಕಲೆ ಹೋಗದಿದ್ದರೆ ಎರಡನ್ನೂ ಸೇರಿಸಿ ಹಾಕಿ ಅಂತ ಇಳಿಸಿದವರೇ ಹೇಳಿಹೋದರು.

ನಮ್ಮಲ್ಲಿ ಕೆಲಸ ಮಾಡುವ ಅಕ್ಕ ಹಾಗೇ ಮಾಡಿದರು. ಮಳೆಗಾಲ ಅಲ್ವಾ, ಗೋಡೆಗೆಲ್ಲ ಕಪ್ಪು ಬೂಷ್ಟು, ನೆಲದಲ್ಲಿ ಹಳದಿ ಕಲೆ. ಇರಚಲು ಹೊಡೆಯುತ್ತದೆ ಅಂತ ಕಿಟಕಿ ಮುಚ್ಚಿತ್ತು. ಕೂತು ನೆಲ ಉಜ್ಜುತ್ತಿದ್ದವರು ಕೆಮ್ಮುತ್ತಾ, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮಾತೇ ಹೊರಡಲಿಲ್ಲ. ಬಾಗಿಲಲ್ಲಿ ನಿಂತ ನನಗೂ ಗಂಟಲು ಉರಿಯಿತು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಬರುವ ವಾಸನೆ, ಆದರೆ ಉಸಿರು ಕಟ್ಟುವಷ್ಟು ಜಾಸ್ತಿ.

ಒಂದರಲ್ಲಿ ಹೈಡ್ರೋಕ್ಲೋರಿಕ್ ಆ್ಯಸಿಡ್, ಇನ್ನೊಂದರಲ್ಲಿ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ಅಂತ ನಿಮ್ಮ ಆಫೀಸಿನವರು ಫೋನ್‌ನಲ್ಲಿ ಹೇಳಿದ್ದು ಆಮೇಲೆ. ಇವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಕೂತು ಉಜ್ಜುವವರ ಮುಖ ಇರುವುದೂ ಅಲ್ಲೇ. ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಬಹುದು ಅಂತ ವೈದ್ಯರು ಒಂದು ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಈಗ ಮನೆಗೆ ಬಂದಿದ್ದಾರೆ. ಮೆಟ್ಟಿಲು ಹತ್ತಿದರೆ ಇನ್ನೂ ಕೆಮ್ಮು ಬರುತ್ತದೆ.

ಕಿಟಕಿ ತೆಗೆದಿಡಬೇಕಿತ್ತು ಅಂದಿರಿ. ಕಿಟಕಿ ತೆಗೆದರೂ ಇವೆರಡನ್ನು ಸೇರಿಸಬಾರದು ಸ್ವಾಮಿ. ಅದನ್ನು ಹೇಳಬೇಕಾದವರು ನೀವು. ಓದಲು ಏನೂ ಇಲ್ಲದ ಕ್ಯಾನ್ ಕೊಟ್ಟು, ಓದದೆ ಹಾಕಿದರು ಅಂದರೆ ಹೇಗೆ?

ಆಸ್ಪತ್ರೆ ಬಿಲ್ ಮತ್ತು ಅವರು ಕೆಲಸಕ್ಕೆ ಬರಲಾಗದ ದಿನಗಳ ಸಂಬಳ ನೀವು ಕೊಡಬೇಕು. ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಅದೇ ದಿನ ಅದೇ ಗಾಡಿ ಈ ರಸ್ತೆಯ ಬೇರೆ ಮನೆಗಳಿಗೂ ಕ್ಯಾನ್ ಇಳಿಸಿದೆ. ಅವರಿಗೆಲ್ಲ ಇವತ್ತೇ ಫೋನ್ ಮಾಡಿ. ಮುಂದೆ ಎರಡಕ್ಕೂ ಬೇರೆ ಬಣ್ಣದ ಕ್ಯಾನ್ ಇರಲಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹೆಸರು ಇರಲಿ. ಏಳು ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಉಳಿದದ್ದನ್ನು ಬೇರೆ ಬೇರೆ ಶೆಡ್‌ನಲ್ಲಿ ಇಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗಿ. ಗಾಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಡಬೇಡಿ.

ಇಂತಿ,
ಹೋಂಸ್ಟೇ ಮಾಲೀಕರು,
ಕಕ್ಕಬ್ಬೆ, ಕೊಡಗು