ಮೂಕಿ ಚಿತ್ರದ ಸಂಜೆ: ಸಮಯ, ತಿಂಡಿ, ಬಾಗಿಲು ಬದಲಾಗಿವೆ

ಮೈಸೂರು

ನಮ್ಮ ಸಹಕಾರ ಸಂಘದ ಸದಸ್ಯರಿಗೂ ತಿಂಗಳ ಪಾಸ್ ಪಡೆದಿರುವ ಎಲ್ಲ ಗ್ರಾಹಕರಿಗೂ ನಮಸ್ಕಾರ.

ಬರುವ ಶನಿವಾರ ನಮ್ಮ ಹಾಲ್‌ನಲ್ಲಿ 2011ರ 'ದಿ ಆರ್ಟಿಸ್ಟ್' ಇದೆ. ಕಪ್ಪು-ಬಿಳುಪು, ಅದರ ಮೇಲೆ ಮೂಕಿ. ಹಳೇ ಚಿತ್ರವಲ್ಲ, ಹಳೇ ರೀತಿಯಲ್ಲಿ ಈ ಕಾಲದವರು ತೆಗೆದದ್ದು. ನಿರ್ದೇಶಕ ಫ್ರಾನ್ಸಿನ ಮಿಷೆಲ್ ಹಜನವೀಸಿಯಸ್. 1927ರ ಹಾಲಿವುಡ್‌ನಲ್ಲಿ ಮೆರೆಯುತ್ತಿದ್ದ ಮೂಕಿ ನಟನೊಬ್ಬ, ಟಾಕಿ ಬಂದ ಮೇಲೆ ಏನಾದ ಅನ್ನುವುದು ಕಥೆ. 2012ರಲ್ಲಿ ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಬಂದವು. ಅಷ್ಟಾದರೂ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕೆಲವು ಪ್ರೇಕ್ಷಕರು, ಇದರಲ್ಲಿ ಮಾತೇ ಇಲ್ಲವಲ್ಲ ಎಂದು ಟಿಕೆಟ್ ದುಡ್ಡು ವಾಪಸ್ ಕೇಳಿದ್ದರು. ನಮ್ಮ ಕೌಂಟರಿನಲ್ಲಿ ಆ ಪ್ರಸಂಗ ಬೇಡವೆಂದು ಮೊದಲೇ ಬರೆಯುತ್ತಿದ್ದೇವೆ.

ದೊಡ್ಡ ಬದಲಾವಣೆ ತಿಂಡಿಯದು. ಚುರುಮುರಿ, ಚಿಪ್ಸ್, ಕಡ್ಲೆಕಾಯಿ ಯಾವುದೂ ಅವತ್ತು ಒಳಗೆ ಬರುವಂತಿಲ್ಲ. ಸ್ಟಾಲ್ ಐದು ಗಂಟೆಗೇ ತೆರೆದಿರುತ್ತದೆ, ಆಟ ಬಿಟ್ಟ ಮೇಲೂ ಇರುತ್ತದೆ. ಹೊಟ್ಟೆ ತುಂಬಿಸಿಕೊಂಡೇ ಬನ್ನಿ. "ಪುಷ್ಪಕ ವಿಮಾನದಲ್ಲೂ ಮಾತಿರಲಿಲ್ಲ, ಆಗೆಲ್ಲ ತಿನ್ನುತ್ತಲೇ ನೋಡಿದ್ವಲ್ಲ" ಎಂದು ಹಿರಿಯ ಸದಸ್ಯರೊಬ್ಬರು ಆಕ್ಷೇಪ ಎತ್ತಿದರು. ನಿಜ. ಆದರೆ 1987ರ ಆ ಚಿತ್ರದಲ್ಲಿ ಬೀದಿಯ ಸದ್ದು, ಬಾಗಿಲ ಸದ್ದು ಎಲ್ಲವೂ ಕೇಳಿಸುತ್ತದೆ, ನಿಮ್ಮ ಚಿಪ್ಸ್ ಅದರಲ್ಲಿ ಮುಳುಗಿಹೋಗುತ್ತದೆ. ಇಲ್ಲಿ ಬಹುಪಾಲು ಸಂಗೀತವೊಂದೇ. ಕೆಲವು ಕಡೆ ಅದೂ ನಿಂತುಬಿಡುತ್ತದೆ. ಮೊದಲನೆಯದು ಆರಂಭದಲ್ಲೇ ಇದೆ: ಪರದೆಯ ಹಿಂದೆ ನಿಂತ ನಟ, ಜನ ಚಪ್ಪಾಳೆ ತಟ್ಟುತ್ತಾರೋ ಇಲ್ಲವೋ ಎಂದು ಕಾಯುತ್ತಾನೆ. ಚಪ್ಪಾಳೆ ನಮಗೆ ಕೇಳಿಸುವುದಿಲ್ಲ, ಅವನ ಮುಖ ನೋಡಿಯೇ ತಿಳಿಯಬೇಕು. ದಯವಿಟ್ಟು ಆಗ ಹಿಂದಿನ ಸಾಲಿನಿಂದ "ಸೌಂಡೂ!" ಎಂದು ಕೂಗಬೇಡಿ. ಮೆಷಿನ್ ಕೆಟ್ಟಿರುವುದಿಲ್ಲ.

ಇದೇ ಕಾರಣಕ್ಕೆ ಎರಡು ಫ್ಯಾನುಗಳಿಗೆ ಬೇರಿಂಗ್ ಬದಲಾಯಿಸಿದ್ದೇವೆ. ಮೂರನೆಯದು ರಿಪೇರಿಗೆ ಬಗ್ಗಲಿಲ್ಲ, ಆ ಸಂಜೆ ಅದನ್ನು ಆರಿಸಿರುತ್ತೇವೆ. ಅದರ ಕೆಳಗೆ ಕೂರುವವರು ತೆಳ್ಳಗಿನ ಬಟ್ಟೆ ಹಾಕಿಕೊಂಡು ಬಂದರೆ ವಾಸಿ.

ಆಟ ಆರೂವರೆಗಲ್ಲ, ಸರಿಯಾಗಿ ಆರಕ್ಕೆ. ಆಮೇಲೆ ಬಾಗಿಲು ಹಾಕುತ್ತೇವೆ, ಕಪ್ಪು ಪರದೆಯನ್ನೂ ಎಳೆಯುತ್ತೇವೆ. ಇದು ಶಿಸ್ತಿನ ಮಾತಲ್ಲ, ಬೆಳಕಿನ ಮಾತು. ಬಣ್ಣದ ಚಿತ್ರದಲ್ಲಿ ಕೆಂಪು ಸೀರೆ, ಹಸಿರು ಗೋಡೆ ತಾನಾಗಿಯೇ ಬೇರೆ ಕಾಣುತ್ತವೆ; ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದು ಆಗಿಬಿಡಬಹುದು. ಬಟ್ಟೆಯ ಹೊಳಪು, ನೆರಳಿನ ದಟ್ಟತನ ಇವೇ ಗುರುತು. ವರಾಂಡದ ಟ್ಯೂಬ್‌ಲೈಟ್ ಪರದೆಯ ಮೇಲೆ ಬಿದ್ದರೆ ಮೊದಲು ಅಳಿಸುವುದು ಅವೇ. ಅಂದ ಹಾಗೆ, ಇದನ್ನು ಚಿತ್ರೀಕರಿಸಿದ್ದು ಕಲರ್ ಫಿಲಂನಲ್ಲಿ, ಆಮೇಲೆ ಕಪ್ಪು-ಬಿಳುಪು ಮಾಡಿದ್ದು. ಉಡುಪು ವಿನ್ಯಾಸಕ್ಕೂ ಒಂದು ಆಸ್ಕರ್ ಬಂತು. ರೇಷ್ಮೆ ಸೀರೆಯ ಊರಿನವರು ಅದನ್ನು ಸ್ವಲ್ಪ ಗಮನಿಸಿ ನೋಡಬೇಕು.

ಇಂಟರ್‌ವಲ್ ಇಲ್ಲ. ನೂರು ನಿಮಿಷದ ಚಿತ್ರ, ಏಳೂ ನಲವತ್ತಕ್ಕೆಲ್ಲ ಮುಗಿಯುತ್ತದೆ. ಮಂಡ್ಯದ ಕಡೆ ರೈಲು ಹಿಡಿಯುವವರು ಕ್ಲೈಮ್ಯಾಕ್ಸ್ ಬಿಟ್ಟು ಓಡಬೇಕಾದ ಪ್ರಮೇಯವಿಲ್ಲ.

ಚಿತ್ರ ಹಳೇ ಟಿ.ವಿ.ಯ ಹಾಗೆ ಚೌಕವಾಗಿದೆ, ಪರದೆಯ ಎರಡೂ ಬದಿ ಕಪ್ಪು ಉಳಿಯುತ್ತದೆ. ಸೆಕೆಂಡಿಗೆ 22 ಫ್ರೇಮ್‌ನಂತೆ ತೆಗೆದು 24ರಂತೆ ಓಡಿಸುವುದರಿಂದ ನಡಿಗೆ ಒಂದಿಷ್ಟು ಚುರುಕಾಗಿ ಕಾಣುತ್ತದೆ. ಇವೆರಡನ್ನೂ ನಮ್ಮ ಆಪರೇಟರ್ ತಲೆಗೆ ಕಟ್ಟಬೇಡಿ.

ನಡುನಡುವೆ ಬರುವ ಬರಹ ಇಂಗ್ಲಿಷಿನಲ್ಲಿದೆ, ಹೆಚ್ಚೇನಿಲ್ಲ. ಕನ್ನಡದಲ್ಲಿ ಮೈಕಿನಲ್ಲಿ ಓದಿಸೋಣವೇ ಎಂದು ಸಮಿತಿಯಲ್ಲಿ ಚರ್ಚೆಯಾಗಿ, ಬೇಡವೆಂದಾಯಿತು. ಪಕ್ಕದಲ್ಲಿ ಅಜ್ಜಿಯೋ ಮಗುವೋ ಇದ್ದರೆ ಕಿವಿಯಲ್ಲಿ ಮೆಲ್ಲಗೆ ಓದಿ ಹೇಳಿ, ಯಾರೂ ಗದರುವುದಿಲ್ಲ. ಮುಂದೇನಾಗುತ್ತದೆ ಎಂದು ಹೇಳಿದರೆ ಮಾತ್ರ ಗದರುತ್ತೇವೆ. ಮಕ್ಕಳನ್ನು ಖಂಡಿತ ಕರೆತನ್ನಿ, ಚಿತ್ರದಲ್ಲೊಂದು ನಾಯಿ ಇದೆ, ಬಹಳ ಚೂಟಿ.

ಮಾತಿಲ್ಲದ ಸಿನಿಮಾ ನನಗಾಗದು ಅನ್ನುವವರು ಶುಕ್ರವಾರ ಸಂಜೆಯೊಳಗೆ ಕೌಂಟರಿಗೆ ತಿಳಿಸಿ. ಆ ವಾರದ ಪಾಸನ್ನು ಮುಂದಿನ ಶನಿವಾರಕ್ಕೆ ಹಾಕಿಕೊಡುತ್ತೇವೆ, ಹೆಚ್ಚಿಗೆ ದುಡ್ಡು ಕಟ್ಟಬೇಕಿಲ್ಲ.

ಇಂತಿ,
ಕಾರ್ಯದರ್ಶಿ ಮತ್ತು ಸಮಿತಿಯವರು